ಪ್ರಸ್ಥಾನಕ್ಕಿಟ್ಟ ಸೀಟು

ನಮ್ಮ ಮನೆತನದಲ್ಲಿ ಸೈಕಲ್ಲಿನ ಮೇಲೆ ಮನುಷ್ಯರು ಹೋದದ್ದಕ್ಕಿಂತ ಮನುಷ್ಯರ ತಲೆಯ ಮೇಲೆ ಸೈಕಲ್ ಹೋದದ್ದೇ ಹೆಚ್ಚು. ಇದಕ್ಕೆ ಕಾರಣ ನಮ್ಮ ಕಾಕಾ. ಅಪ್ಪನ ತಮ್ಮ, ಓವರ್ಸಿಯರ್ ಆಗಿ ನಿವೃತ್ತರಾದವರು. ಊರೂರು ಫಿರತಿ ತಿರುಗಿ, ಸರಕಾರಿ ಬಂಗಲೆಗಳಲ್ಲಿ ಇಳಿದು, ಜೀಪಿನ ಮುಂದಿನ ಸೀಟಿನಲ್ಲಿ ಕೂತು ರೂಢಿಯಾದ ಮನುಷ್ಯನಿಗೆ ಪೆನ್ಶನ್ ಬಂದ ಮೇಲೆ ಜಮಖಂಡಿಯ ಮನೆಯ ಕಟ್ಟೆ ಚುಚ್ಚತೊಡಗಿತು. ಬಂಗಲೆ ಕೊಡುವವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಅವರು ಬಂಗಲೆಯನ್ನೇ ಗಾಲಿಯ ಮೇಲೆ ಕಟ್ಟಿಸಿದರು.

ಅದು ಮೊದಲು ಹಳ್ಳಿಹಳ್ಳಿಗೆ ಹೋಗಿ ಹಲ್ಲುಪುಡಿ ಮಾರುತ್ತಿದ್ದ ಹಳೆಯ ವ್ಯಾನು. ಎರಡೂ ಮಗ್ಗುಲಿಗೆ ದೊಡ್ಡದೊಂದು ನಗುವ ಬಾಯಿ ಬರೆದಿತ್ತು. ಕಾಕಾ ಅದರ ಮೇಲೆ ಹಸಿರು ಬಣ್ಣ ಹೊಡೆಸಿದರು, ಆಮೇಲೆ ನೀಲಿ ಹೊಡೆಸಿದರು. ಒಂದು ಬೇಸಿಗೆ ಕಳೆದರೆ ಸಾಕು, ಹಲ್ಲು ಮತ್ತೆ ಹೊರಬೀಳುತ್ತಿದ್ದವು. ಒಳಗೆ ಎರಡು ಹಲಗೆಯ ಮಂಚ, ಒಂದು ಸ್ಟೋವು, ನೀರಿನ ಡ್ರಮ್ಮು, ಮೂಲೆಯಲ್ಲಿ ಮೊಳೆ ಬಡಿದು ಕೂರಿಸಿದ ದೇವರ ಮಂಟಪ. ಇದಕ್ಕೆ ಕಾಕಾ ಇಟ್ಟ ಹೆಸರು ಫಿರತಿ ಮನಿ. “ವಿಲಾಯತಿಯೊಳಗ ಇಂಥಾದಕ್ಕ ಕ್ಯಾರವಾನ್ ಅಂತಾರ” ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ಹೌದೌದು ಎಂದು ತಲೆಯಾಡಿಸಿ, ಹಲ್ಲುಪುಡಿಯ ಒಂದು ಪುಡಿಕೆ ಸಿಗಬಹುದೇ ಎಂದು ಕೇಳುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಟ್ರೇನಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಶಿಕ್ಷಕಿಯ ನೌಕರಿಯ ಆರ್ಡರ್ ಬಂತು. ಬೀಳಗಿ ದಾಟಿದರೆ ಸ್ವಲ್ಪ ದೂರದಲ್ಲಿ ಒಂದು ಶಾಲೆ. ಗೊತ್ತುಮಾಡಿದ ದಿನ ಸಂಜೆ ಶಾಲೆ ಬಿಡುವುದರೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಜಾಗ ಪಾಳಿಯಲ್ಲಿದ್ದ ಮುಂದಿನವರಿಗೆ. ಹಾಗೆ ಹೋದರೆ ನನಗೇನಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು. ಅಪ್ಪನ ಕಪಾಟಿನಲ್ಲಿ ವರಗಳ ಜಾತಕ ಬಂದು ಬಿದ್ದಿದ್ದವು. ನೌಕರಿ ಹಿಡಿದರೆ ಒಂದೆರಡು ವರ್ಷ ತಡೆಯೋಣ, ಇಲ್ಲದಿದ್ದರೆ ಬರುವ ಮಾಘದಲ್ಲೇ ಅಕ್ಷತೆ ಎಂದು ಮನೆಯಲ್ಲಿ ಮಾತಾಗಿತ್ತು. ಆ ಜಾತಕಗಳಲ್ಲಿ ಒಬ್ಬನನ್ನು ನಾನು ನೋಡಿದ್ದೆ. ಅವನು ಚಹಾ ಕುಡಿಯುವಾಗ ಬಶಿಯಲ್ಲಿ ಸುರಿದುಕೊಂಡು, ಅದಕ್ಕೆ ಊದಿ, ನನ್ನತ್ತ ನೋಡಿ, ‘ಹುಡುಗಿ ಸಾಲಿ ಕಲಿತದ್ದು ಸ್ವಲ್ಪ ಜಾಸ್ತಿನ ಆತು’ ಎಂದಿದ್ದ.

ಅಪ್ಪನಿಗೆ ಗುಡಿಯ ಪೂಜೆ ಬಿಟ್ಟು ಹೊರಡುವಂತಿರಲಿಲ್ಲ. ಬೆಳಗಿನ ಬಸ್ಸು ಹತ್ತಿಸಿದರೆ ಹೊತ್ತೇರುವುದರೊಳಗೆ ಬೀಳಗಿ ಮುಟ್ಟುತ್ತಾಳೆ, ಅಲ್ಲಿ ಹಿಡಿದ ಕೋಣೆಯಿಂದ ಶಾಲೆಗೆ ತಿರುಗಲು ಬೇಕಾದ ನನ್ನ ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿದರಾಯಿತು ಎಂದು ಅವರ ಲೆಕ್ಕ. ಕಾಕಾ ಕೇಳಿಸಿಕೊಂಡವರೇ ಎದ್ದು ನಿಂತರು.

“ಬಾಗಲದಾಗ ಮನಿಯಂಥಾ ಗಾಡಿ ನಿಂತದ. ಹುಡುಗೀನ್ನ ಬಸ್ಸಿನ್ಯಾಗ ನಿಂದರಿಸಿ ಕಳಸ್ತೀಯೇನು? ಮಂದಿ ಏನಂದಾರು?”

ಮಂದಿ ಏನೂ ಅನ್ನುತ್ತಿರಲಿಲ್ಲ. ಮಂದಿಗೆ ಬೇರೆ ಕೆಲಸವಿತ್ತು. ಆದರೆ ನಮ್ಮ ಮನೆಯಲ್ಲಿ ಈ ಮಾತಿನ ಮುಂದೆ ಮತ್ತೊಂದು ಮಾತು ನಡೆಯುತ್ತಿರಲಿಲ್ಲ. ಕಾಕಾ ಗಾಡಿ ನಡೆಸುವುದು, ಊಟದ ವ್ಯವಸ್ಥೆಗೆ ಆತ್ಯಾ ಬರುವುದು, ಹಾಜರಾಗುವ ದಿನಕ್ಕಿಂತ ಎರಡು ದಿನ ಮೊದಲೇ ಹೊರಡುವುದು ಎಂದು ಠರಾವಾಯಿತು. ಕಾಕಾನ ಹೆಂಡತಿ ಕಾಕು ಮಾತ್ರ ಮೊಣಕಾಲು ನೋವೆಂದು ಹೇಳಿ ಹಿಂದುಳಿದಳು. ಅವಳು ಆ ಗಾಡಿಯಲ್ಲಿ ಹಿಂದೊಮ್ಮೆ ಕೂತು ಬಂದಿದ್ದಳು.

ಆತ್ಯಾ ಎಂದರೆ ಅಪ್ಪನ ಅಕ್ಕ. ಎಳೆ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಡುಗೆಮನೆಯ ಬಾಗಿಲ ಬದಿಗೆ ಅವಳದೊಂದು ಸಾಗವಾನಿ ಮಣೆ, ನಾಲ್ಕು ಮೂಲೆಗೆ ಹಿತ್ತಾಳೆಯ ಹೂವು. ಉಣ್ಣುವುದು, ಕಾಯಿಪಲ್ಯೆ ಹೆಚ್ಚುವುದು, ಜಪ ಮಾಡುವುದು ಎಲ್ಲ ಅದರ ಮೇಲೆಯೇ. ಮಡಿಯ ಮಣೆಯಾದ್ದರಿಂದ ಇನ್ನೊಬ್ಬರು ಅದರ ಮೇಲೆ ಕೂಡುವಂತಿರಲಿಲ್ಲ, ಕಾಲಿನಿಂದ ಸರಿಸಿದರಂತೂ ಆ ದಿನ ಮನೆಯಲ್ಲಿ ಯಾರಿಗೂ ಊಟ ರುಚಿಸದಂತೆ ಮಾಡುತ್ತಿದ್ದಳು. ಎಲ್ಲಿಗೆ ಹೋದರೂ ಮಣೆ ಅವಳ ಜೊತೆ ಹೋಗಬೇಕು. ಆದರೆ ಅವಳನ್ನು ಎಲ್ಲಿಗಾದರೂ ಕರೆದೊಯ್ದವರೇ ಕಡಿಮೆ.

ಹೊರಡುವ ಹಿಂದಿನ ದಿನ ಕಾಕಾ ನನ್ನ ಲೇಡೀಸ್ ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಅದರ ಸುತ್ತ ಮೂರು ಸಲ ತಿರುಗಿದರು. “ಸೈಕಲ್ ಹೊಡೀಲಿಕ್ಕೆ ಯಾವಾಕೀಗರೆ ಬರತದ. ಸೈಕಲ್ ಸಾಗಸೂದು ಅದಽ ಒಂದು ಶಾಸ್ತ್ರ” ಎಂದರು. ಅವರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಬಿಸಿಲಿಗೆ ಟ್ಯೂಬು ಒಡೆದೀತೆಂದು ಎರಡೂ ಗಾಲಿಯ ಗಾಳಿ ಬಿಟ್ಟರು. ಹ್ಯಾಂಡಲ್ಲಿಗೆ ಹಳೆಯ ಧೋತರದ ಚೂರು ಸುತ್ತಿದರು, ಪೆಡಲ್ಲಿಗೆ ಕಾಲುಚೀಲ ತೊಡಿಸಿದರು. ಬೆಲ್ಲಿನೊಳಗೆ ಅರಳೆ ತುರುಕಿದರು. ದಾರಿಯಲ್ಲಿ ಅದು ತಾನಾಗಿಯೇ ಬಾರಿಸಿಕೊಂಡರೆ ಎದುರಿನವರು ಯಾವ ಕಡೆ ಸರಿಯಬೇಕೆಂದು ತಿಳಿಯದೆ ಗಾಬರಿಯಾಗುತ್ತಾರಂತೆ. ನಂತರ ಸೈಕಲ್ಲನ್ನು ಗಾಡಿಯ ನೆತ್ತಿಗೆ ಏರಿಸಿ, ಹಗ್ಗ ಕೈಯಲ್ಲಿ ಹಿಡಿದರು. ಅಷ್ಟರಲ್ಲಿ ಆತ್ಯಾ ಹೊರಗೆ ಬಂದಳು.

“ಕೆಳಗ ದೇವರ ಮಂಟಪ ಅದ. ಅದರ ತಲಿ ಮ್ಯಾಲ ಚರ್ಮದ ಸೀಟ ಇಡತೀಯೇನ?”

ಕಾಕಾ ಟೇಪು ತಂದರು. ಒಳಗೆ ಮಂಟಪ ಎಲ್ಲಿದೆ ಎಂದು ಅಳೆದು, ನೆತ್ತಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಈಚೆ ದೇವರು, ಆಚೆ ಸೈಕಲ್ಲು ಎಂದು ಸಾಧಿಸಿ ತೋರಿಸಿದರು. ಆತ್ಯಾ ಗೆರೆಯನ್ನು ನೋಡಲೂ ಇಲ್ಲ. “ದೇವರೇನು ನಿನ್ನ ಕೈಕೆಳಗಿನ ಮೇಸ್ತ್ರಿ ಏನು, ಗೆರಿ ದಾಟದಂಗ ಕೂಡಲಿಕ್ಕೆ?” ಎಂದಳು. ಅಲ್ಲಿಗೆ ಶಾಸ್ತ್ರ ಮುಗಿಯಿತು. ಕಾಕಾ ಬೋಲ್ಟು ಸಡಿಲಿಸಿ ಸೀಟನ್ನು ಅದರ ಕೊಳವೆಯ ಸಮೇತ ಎಳೆದು ತೆಗೆದರು. ತೆಗೆದದ್ದನ್ನು ಎಲ್ಲಿಡುವುದು? ಗಾಡಿಯೊಳಗೆ ಅಡುಗೆ ಇದೆ, ಮನೆಯೊಳಗೆ ಆತ್ಯಾ ಇದ್ದಾಳೆ.

ಆಗ ಅವರಿಗೆ ಪ್ರಸ್ಥಾನ ನೆನಪಾಯಿತು. ಪಂಚಾಂಗದ ಪ್ರಕಾರ ನಾವು ಹೊರಡುವ ಮುಹೂರ್ತ ಅದೇ ಸಂಜೆ ಇತ್ತು. ಗಾಡಿಯ ಬ್ರೇಕಿನ ಕೆಲಸ ಮುಗಿಯುವುದು ಮರುದಿನ ಬೆಳಿಗ್ಗೆ. ಇಂಥ ಪೇಚಿಗೆಂದೇ ನಮ್ಮಲ್ಲಿ ಪ್ರಸ್ಥಾನ ಇಡುವ ಪದ್ಧತಿ ಉಂಟು. ಹೋಗಬೇಕಾದ ದಿಕ್ಕಿನಲ್ಲಿರುವ ಪರಿಚಯದವರ ಮನೆಯಲ್ಲಿ ಅಕ್ಕಿ, ಅಡಿಕೆ, ಅರಿಷಿಣ ಕೊಂಬಿನ ಒಂದು ಗಂಟನ್ನು ಮುಹೂರ್ತಕ್ಕೆ ಸರಿಯಾಗಿ ಇಟ್ಟು ಬಂದರೆ ನಾವು ಹೊರಟುಬಿಟ್ಟಂತೆ. ಮರುದಿನ ಸಾವಕಾಶ ಹೊರಟು, ದಾರಿಯಲ್ಲಿ ಗಂಟು ಎತ್ತಿಕೊಂಡು ಮುಂದುವರಿದರಾಯಿತು. ದೇವರ ಕಣ್ಣಿಗೆ ಮಣ್ಣೆರಚಲು ಇದಕ್ಕಿಂತ ಮರ್ಯಾದೆಯ ಉಪಾಯ ಯಾರಿಗೂ ಹೊಳೆದಿಲ್ಲ. ಬೀಳಗಿ ನಮಗೆ ಪೂರ್ವಕ್ಕೆ. ಓಣಿಯ ಪೂರ್ವದ ತುದಿಯಲ್ಲಿದ್ದ ಮನೆಗೆ ಅಪ್ಪ ಗಂಟು ಇಟ್ಟು ಬಂದರು. ಬೆನ್ನ ಹಿಂದೆಯೇ ಕಾಕಾ ಹೋಗಿ, ಅದೇ ಮನೆಯ ಕಿಟಕಿಯ ಸರಳಿಗೆ ಸೀಟನ್ನು ನೇತುಹಾಕಿ ಬಂದರು. “ಮುಂಜಾನೆ ಗಂಟ ಎತ್ತಲಿಕ್ಕೆ ಹೆಂಗೂ ನಿಂದರತೀವಿ. ಅವಾಗ ಹಿಂದಿನ ಬಂಪರಿಗೆ ಕಟ್ಟಿದರಾತು” ಎಂದರು.

ಮರುದಿನ ಬೆಳಿಗ್ಗೆ ಗಾಡಿ ಚಾಲೂ ಆಗಿ, ಓಣಿಯಿಂದ ಹೊರಬಿದ್ದು, ಪಶ್ಚಿಮಕ್ಕೆ ತಿರುಗಿತು.

“ಕಾಕಾ, ಬೀಳಗಿ ಈ ಕಡೆ!” ಎಂದು ನಾನು ಕೂಗಿದೆ.

“ಗೊತ್ತದ. ಬನಹಟ್ಟಿಯೊಳಗ ನಮ್ಮ ಮಾವಶಿ ಮಗ ಇನ್ನೂ ಗಾಡಿ ನೋಡಿಲ್ಲ. ತೋರಿಸಿ, ಮಧ್ಯಾಹ್ನದಾಗ ಹೊಳ್ಳಿ ಬರೂಣು.”

“ಪ್ರಸ್ಥಾನ? ಸೀಟು?”

ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿಸಲು ಕಾಕಾ ಸಿದ್ಧರಿದ್ದರೇನೋ. ಆದರೆ ಆತ್ಯಾ ಮಂಚದ ಬದಿಗೆ ಹಾಕಿದ ತನ್ನ ಮಣೆಯಿಂದಲೇ ಅಪ್ಪಣೆ ಕೊಟ್ಟಳು: “ಹೊಂಟ ಮ್ಯಾಲ ಹಿಂದಕ್ಕ ತಿರಗಬಾರದು.” ಹೀಗೆ, ಶುಭ ಶಕುನ ಕೆಡಬಾರದೆಂದು ಶುಭ ಶಕುನದ ಗಂಟನ್ನು ಬಿಟ್ಟು ನಾವು ಹೊರಟೆವು.

ಬನಹಟ್ಟಿಯಲ್ಲಿ ಮಗ್ಗಗಳ ಖಟಖಟ ಸದ್ದಿನ ನಡುವೆ ಕಾಕಾ ಕಿರುಚಿ ಕಿರುಚಿ ಗಾಡಿಯ ವರ್ಣನೆ ಮಾಡಿದರು. ನೂಲಿನ ವ್ಯಾಪಾರಿಯಾದ ಅವರ ಮಾವಶಿಯ, ಎಂದರೆ ಚಿಕ್ಕಮ್ಮನ ಮಗ ಗಾಡಿಯನ್ನು ನೋಡಲಿಲ್ಲ, ಮೇಲಿದ್ದ ಸೈಕಲ್ಲನ್ನು ನೋಡಿದ. “ಇದೇನು ಕಟ್ಟೂದು? ಚಿಮ್ಮಡ ದಾಟೂದರಾಗ ಸಡಲತದ” ಎಂದು ನೂಲಿನ ಮೂಟೆ ಬಿಗಿಯುವ ಹೊಸ ಹಗ್ಗ ತಂದು ಮೇಲೊಂದು ಕಟ್ಟು ಕಟ್ಟಿದ. ಕಾಕಾಗೆ ಪರಮಾನಂದ. ಗಾಡಿಯನ್ನು ಮೆಚ್ಚದವರೂ ಸೈಕಲ್ಲಿನ ಬಗ್ಗೆ ಬುದ್ಧಿ ಹೇಳುತ್ತಾರೆಂದು ಅವರಿಗೆ ಗೊತ್ತಾಯಿತು. ಆ ಮೇಲೆ ಜಮಖಂಡಿಗೆ ಹೊಳ್ಳುವ ಮಾತೇ ಬರಲಿಲ್ಲ. ರನ್ನ ಬೆಳಗಲಿಯಲ್ಲಿ ಅವರಿಗೆ ನೌಕರಿಯ ಕಾಲದಿಂದ ಪರಿಚಯವಿದ್ದ ರೈತರೊಬ್ಬರಿದ್ದರು, ಅವರು ಎತ್ತಿನ ಹಗ್ಗ ಬಿಗಿದರು. “ಇನ್ನ ಗಾಡಿ ಪಲ್ಟಿ ಆದ್ರೂ ಸೈಕಲ್ಲಿಗೆ ಏನೂ ಆಗಂಗಿಲ್ಲ ಬಿಡ್ರಿ ಸಾಹೇಬ್ರ” ಎಂದು ಭರವಸೆ ಕೊಟ್ಟರು. ಮುಧೋಳದ ಬೀಗರು ಧೂಳು ಕೂಡಬಾರದೆಂದು ಹಳೆಯ ಸೊಳ್ಳೆಪರದೆಯೊಂದನ್ನು ಹೊದಿಸಿ, ಅದು ಹಾರಬಾರದೆಂದು ಮತ್ತೊಂದು ಸುತ್ತು ಬಿಗಿದರು. ಒಳಗೆ ಇರುವುದು ಸೈಕಲ್ಲೋ, ಯಾವುದಾದರೂ ಉತ್ಸವಮೂರ್ತಿಯೋ ಹೇಳಲು ಬರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಮುದುಕಿ ಅದಕ್ಕೆ ಕೈಮುಗಿದಳು.

ನಾನು ಮಾತ್ರ ಬೆರಳು ಮಡಚಿ ದಿನ ಎಣಿಸುತ್ತಿದ್ದೆ. ಎರಡು ದಿನ ಹೋಗಿಯೇಬಿಟ್ಟಿದ್ದವು. ಉಳಿದದ್ದು ಕಡೆಯ ದಿನ, ಆ ದಿನದ ಬೆಳಗೂ ಮುಧೋಳದ ಬೀಗರ ಹೋಳಿಗೆಯಲ್ಲಿ ಕರಗುತ್ತಿತ್ತು. “ಕಾಕಾ, ನಾ ಇಲ್ಲಿಂದ ಬಸ್ಸಿಗೆ ಹೋಗ್ತೇನ್ರಿ” ಎಂದೆ. ಕಾಕಾ ಹೋಳಿಗೆಯ ಎಲೆಯ ಮುಂದೆ ಕೈ ಕಟ್ಟಿಕೊಂಡು ಕೂತರು. “ಹೋಗು. ಕಾಕಾನ ಗಾಡಿ ನಂಬಿಕಿಗೆ ಅರ್ಹ ಇಲ್ಲಂತ ಊರಿಗೆಲ್ಲಾ ಹೇಳು” ಎಂದರು. ಬೀಗಿತಿ ನನ್ನತ್ತ ನೋಡಿದ ನೋಟದಲ್ಲಿ, ಹಿರಿಯರ ಊಟ ಬಿಡಿಸಿದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬ ಮಾತು ಅಚ್ಚು ಹಾಕಿದಂತಿತ್ತು. ನಾನು ತುಪ್ಪದ ಗಿಂಡಿ ತಂದು ಅವರ ಎಲೆಯ ಮುಂದಿಟ್ಟೆ. ಕಾಕಾ ಎರಡು ಹೋಳಿಗೆ ಹೆಚ್ಚಿಗೆಯೇ ತಿಂದರು.

ಮುಧೋಳ ಬಿಟ್ಟು ಬೀಳಗಿಯ ದಾರಿ ಹಿಡಿದು ಬಹಳ ದೂರ ಬಂದ ಮೇಲೆ ಗಾಡಿಯ ಮೂತಿಯಿಂದ ಹೊಗೆ ಎದ್ದಿತು. ಕಾಕಾ ಬದಿಗೆ ನಿಲ್ಲಿಸಿ ನೀರು ಸುರಿಯುತ್ತಿದ್ದಾಗ ಹಿಂದಿನಿಂದ ಬಸ್ಸು ಬಂತು. ಡ್ರೈವರ್ ನಿಧಾನ ಮಾಡಿದ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, “ಏನರೆ ಬೇಕೇನ್ರಿ?” ಎಂದ. ನಾನು ಗಾಡಿಯೊಳಗಿನಿಂದ ಬಾಯಿ ತೆರೆಯುವುದರೊಳಗೆ ಕಾಕಾ ಕೈಬೀಸಿ, “ನಡೀರಿ, ನಡೀರಿ, ನಮಗೇನೂ ಬ್ಯಾಡ” ಎಂದು ಬಿಟ್ಟಿದ್ದರು. ಬಸ್ಸು ಧೂಳೆಬ್ಬಿಸಿ ಹೋಯಿತು. ಅದು ಆ ಹೊತ್ತಿನ ಕಡೆಯ ಬಸ್ಸು. ಆ ಮೇಲೆ ಗಾಡಿ ಚಾಲೂ ಆಗಲಿಲ್ಲ.

ಕಾಕಾ ಗಾಡಿಯ ಕೆಳಗೆ ತೂರಿದರು. ಅವರ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು, ಆ ಪಾದಗಳ ಮೇಲೆ ಮಾಸಲು ಹಲ್ಲುಗಳು ನಗುತ್ತಿದ್ದವು. “ಏನಿಲ್ಲ, ಸಣ್ಣ ತೊಂದ್ರಿ” ಎಂಬ ಮಾತು ಆಗಾಗ ಕೆಳಗಿನಿಂದ ಬರುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಸುತ್ತಲೂ ಜೋಳದ ಹೊಲ, ಒಂದು ನರಪಿಳ್ಳೆಯಿಲ್ಲ. ಶಾಲೆ ಬಿಡುವ ಹೊತ್ತನ್ನು ನೆನೆದು ನನಗೆ ಅಳು ಬಂತು. ಅಳುವುದಕ್ಕಿಂತ ಸಿಟ್ಟು ಹೆಚ್ಚು ಬಂತು.

“ಕಾಕಾ, ಸೈಕಲ್ ಇಳಸ್ರಿ.”

ಕಾಕಾ ಹೊರಗೆ ತಲೆ ಹಾಕಿದರು. ಮೂಗಿನ ಮೇಲೆ ಎಣ್ಣೆ. “ಇಷ್ಟ ಸುರಕ್ಷಿತ ತಂದೇನಿ. ನಟ್ಟನಡುವ ದಾರ್ಯಾಗ ಇಳಸಂದ್ರ?”

“ಇಳಸ್ರಿ!”

ನಾನು ಅವರೆದುರಿಗೆ ದನಿ ಎತ್ತಿದ್ದು ಅದೇ ಮೊದಲು. ಅವರು ಎದ್ದು, ಏಣಿ ಹತ್ತಿ, ಗಂಟು ಬಿಚ್ಚತೊಡಗಿದರು. ಮೊದಲು ಮುಧೋಳದವರ ಗಂಟು, ಅದರ ಕೆಳಗೆ ಬೆಳಗಲಿಯ ಗಂಟು, ಅದರ ಕೆಳಗೆ ಬನಹಟ್ಟಿಯದು, ಎಲ್ಲಕ್ಕಿಂತ ಕೆಳಗೆ ತಮ್ಮದು. ಒಂದನ್ನು ಎಳೆದರೆ ಇನ್ನೊಂದು ಬಿಗಿಯುತ್ತಿತ್ತು. “ಹಗ್ಗ ಕೆಡಬಾರದು, ಹೊಳ್ಳಿ ಕೊಡಬೇಕು” ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಉಗುರಿನಿಂದ ಕೆರೆಯುತ್ತಿದ್ದರು.

ಆಗ ಗಾಡಿಯೊಳಗಿನಿಂದ ಆತ್ಯಾ ಇಳಿದಳು. ಕೈಯಲ್ಲಿ ಈಳಿಗೆ. ಕಾಯಿಪಲ್ಯೆ ಹೆಚ್ಚಲೂ ಯಾರಿಗೂ ಕೊಡದ ಮಡಿಯ ಈಳಿಗೆ. ಕಚ್ಚೆ ಬಿಗಿಮಾಡಿಕೊಂಡು, ಎಂದೂ ಅಟ್ಟದ ಏಣಿ ಕೂಡ ಹತ್ತದವಳು ಆ ಏಣಿ ಹತ್ತಿ, ಕಾಕಾನನ್ನು ಬದಿಗೆ ಸರಿಸಿ, ಹಗ್ಗಗಳನ್ನು ಒಂದೊಂದಾಗಿ ಕೊಯ್ದು ಒಗೆದಳು. ಮೂರು ಊರಿನ ಜಾಣತನ ರಸ್ತೆಯ ಮೇಲೆ ತುಂಡಾಗಿ ಬಿತ್ತು.

ಸೈಕಲ್ ಕೆಳಗಿಳಿಯಿತು. ಅದರ ಮೈಮೇಲೆ ಒಂದು ಗೀರು ಇರಲಿಲ್ಲ. ಗಾಲಿಯಲ್ಲಿ ಗಾಳಿ ಇರಲಿಲ್ಲ. ಸೀಟು ಇರಬೇಕಾದಲ್ಲಿ ಒಂದು ತೂತು ಇತ್ತು.

“ಸೀಟ ಜಮಖಂಡ್ಯಾಗ ಸುರಕ್ಷಿತ ಅದ” ಎಂದರು ಕಾಕಾ. ಅಭ್ಯಾಸ ಬಲ.

ಪಂಪು ತಂದು ಗಾಳಿ ತುಂಬತೊಡಗಿದೆ. ನಿಂತುಕೊಂಡೇ ತುಳಿದರೆ ಎಷ್ಟು ದೂರ ಹೋದೇನು ಎಂದು ಲೆಕ್ಕ ಹಾಕುತ್ತಿದ್ದೆ. ಏಳೆಂಟು ಮೈಲು ಉಳಿದಿತ್ತು, ಉಟ್ಟದ್ದು ಹೊಸ ಸೀರೆ. ತಲೆ ಎತ್ತಿ ನೋಡಿದಾಗ ಆತ್ಯಾ ನನ್ನೆದುರು ನಿಂತಿದ್ದಳು. ಎದೆಗೆ ಅವಚಿ ಹಿಡಿದಿದ್ದು ಅವಳ ಮಣೆ.

“ಕ್ಯಾರಿಯರ್ ಮ್ಯಾಲ ಕಟ್ಟು.”

ಕಾಕಾ ಬಾಯಿ ಬಿಟ್ಟರು. “ಅಕ್ಕಾ, ಅದು ಮಡೀದು.”

“ನನಗ ಹೇಳತೀಯೇನ? ಕಟ್ಟು. ಹೊತ್ತು ಹೊಂಟದ.”

ಕ್ಯಾರಿಯರ್ ತಗ್ಗಿಗಿತ್ತು. ಅದರ ಮೇಲೆ ಜಮಖಾನೆಯೊಂದನ್ನು ಮಡಚಿಟ್ಟು ಎತ್ತರ ಮಾಡಿ, ಮೇಲೆ ಮಣೆ ಇಟ್ಟು, ತುಂಡಾದ ಹಗ್ಗಗಳನ್ನೆಲ್ಲ ಕೂಡಿಸಿ ಕಾಕಾ ಬಿಗಿದರು. ಗಂಟು ಗಟ್ಟಿಯಾಗಿತ್ತು. ನಾನು ಮಣೆಯ ಮೇಲೆ ಕೂಡಲು ಹಿಂದುಮುಂದು ನೋಡಿದೆ. ಹುಟ್ಟಿದಾಗಿನಿಂದ ಮುಟ್ಟಬಾರದೆಂದು ಕೇಳಿಕೊಂಡು ಬಂದದ್ದು. ಆತ್ಯಾ ನನ್ನ ರಟ್ಟೆ ಹಿಡಿದು ಕೂರಿಸಿದಳು. ಹೊರಟಾಗ ಕಾಕಾ ಹಿಂದಿನಿಂದ ಕೂಗಿದರು: “ಸಾವಕಾಶ ಹೋಗು. ಗೀರು ಬಿದ್ದೀತು!”

ಹ್ಯಾಂಡಲ್ಲು ದೂರ, ಪೆಡಲ್ಲು ದೂರ. ಕಾಲು ಚಾಚಿ ತುದಿ ಬೆರಳಿನಿಂದ ತುಳಿಯಬೇಕು. ಹಿತ್ತಾಳೆ ಹೂವು ತೊಡೆಗೆ ಒತ್ತುತ್ತಿತ್ತು. ಒಂದು ಕಡೆ ಕುರಿಯ ಹಿಂಡು ಅಡ್ಡ ಬಂತು. ಬೆಲ್ಲು ಒತ್ತಿದರೆ ಅರಳೆಯೊಳಗಿನಿಂದ ಏನೋ ಕೆಮ್ಮಿದಂತಾಯಿತೇ ಹೊರತು ಸದ್ದು ಬರಲಿಲ್ಲ. “ಹೋ! ಸರೀರೋ!” ಎಂದು ಗಂಟಲು ಹರಿಯುವಂತೆ ಕೂಗಿದೆ. ನಮ್ಮ ಮನೆಯ ಹೆಣ್ಣುಮಕ್ಕಳು ರಸ್ತೆಯಲ್ಲಿ ಕೂಗುವವರಲ್ಲ, ಆದರೆ ಕೂಗಿದ ಮೇಲೆ ಹಾಯೆನಿಸಿತು. ಕುರಿ ಕಾಯುವವನು ಕೋಲೂರಿ ನಿಂತು, “ಯವ್ವಾ, ಮಣಿ ಹೊತಗೊಂಡು ಊಟಕ್ಕ ಹೊಂಟೀರೇನು?” ಎಂದ. ಹೌದೆಂದೆ.

ಶಾಲೆಯ ಗೇಟಿಗೆ ಬಂದಾಗ ಮಕ್ಕಳು ಮನೆಗೆ ಬಿಡುವ ಮುಂಚಿನ ವಂದನೆಗೆ ಸಾಲು ನಿಂತಿದ್ದರು. ಮುಖ್ಯಾಧ್ಯಾಪಕಿ ಕಪಾಟಿಗೆ ಕೀಲಿ ಹಾಕುತ್ತಿದ್ದವರು ನನ್ನ ಅವತಾರ ನೋಡಿ ಕೀಲಿ ಹೊರಳಿಸುವುದನ್ನೇ ನಿಲ್ಲಿಸಿದರು. “ನೀವು ಇನ್ನ ಬರಂಗಿಲ್ಲಂತ ಮಾಡಿದ್ವಿ” ಎಂದು ಹಾಜರಿ ಪುಸ್ತಕ ಹೊರಗೆ ತೆಗೆದರು. ನಾನು ಸಹಿ ಮಾಡಿದೆ. ಸಹಿ ಅಂಕುಡೊಂಕಾಯಿತು, ಆದರೂ ನನ್ನದೇ. ನೀರು ಕೊಟ್ಟು, ಕೂಡಿಸಿ, ಕಿಟಕಿಯಾಚೆ ನೋಡಿ ಅವರು ಮೆಲ್ಲಗೆ ಕೇಳಿದರು:

“ಸೈಕಲ್ಲಿಗೆ ಮಣಿ ಯಾಕ ಕಟ್ಟೀರಿ?”

“ನಮ್ಮ ಕಡೆ ಪದ್ಧತಿರಿ” ಎಂದೆ. ಸುಳ್ಳೇನೂ ಅಲ್ಲ. ಇಡೀ ಪ್ರಯಾಣದಲ್ಲಿ ಪದ್ಧತಿಯಲ್ಲದ್ದು ಯಾವುದಿತ್ತು?

ಫಿರತಿ ಮನಿ ಮರುದಿನ ಬೀಳಗಿಗೆ ಬಂತು. ಎರಡು ಜೋಡಿ ಎತ್ತು ಎಳೆಯುತ್ತಿದ್ದವು, ಕಾಕಾ ಒಳಗೆ ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದರು. ಇಳಿದವರೇ ನನ್ನ ಕೋಣೆಯ ಮುಂದಿದ್ದ ಸೈಕಲ್ಲಿನ ಸುತ್ತ ಮೂರು ಸಲ ತಿರುಗಿದರು. “ನೋಡು, ಎಲ್ಲರೆ ಒಂದು ಗೀರು ಅದ ಏನು?” ಎಂದು ನನ್ನನ್ನೇ ಕೇಳಿದರು. ಸುರಕ್ಷಿತವಾಗಿ ಸೈಕಲ್ ಸಾಗಿಸಿದ ಈ ಕಥೆಯನ್ನು ಅವರು ಮುಂದೆ ಬದುಕಿರುವವರೆಗೂ ಹೇಳಿದರು. ಅದರಲ್ಲಿ ಎತ್ತುಗಳು ಬರುತ್ತಿರಲಿಲ್ಲ.

ಆತ್ಯಾ ಹಿಂದೆ ನಿಂತು ಮಣೆಯನ್ನು ನೋಡುತ್ತಿದ್ದಳು. ಧೂಳು ಮೆತ್ತಿತ್ತು, ಒಂದು ಮೂಲೆಯ ಹಿತ್ತಾಳೆ ಹೂವು ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಹಿಂದಿನ ದಿನದಿಂದ ಅವಳು ಬರೀ ನೆಲದ ಮೇಲೆ ಕೂತು ಉಂಡಿದ್ದಾಳೆಂದು ಕಾಕಾ ಹೇಳಿದ್ದರು. ನನಗೆ ಬಹಳ ಕೆಟ್ಟೆನಿಸಿತು. ಗಾಡಿಯಿಂದ ಈಳಿಗೆ ತಂದು, “ಬಿಚ್ಚತೇನಿ ಆತ್ಯಾ. ತೊಳದು, ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಡತೇನಿ” ಎಂದು ಹಗ್ಗಕ್ಕೆ ಕೈಹಾಕಿದೆ.

ಅವಳು ನನ್ನ ಕೈ ಹಿಡಿದು ಈಳಿಗೆ ಇಸಿದುಕೊಂಡಳು. ಸೆರಗಿನಿಂದ ಮಣೆಯ ಮೇಲಿನ ಧೂಳು ಒರೆಸಿದಳು.

“ಇರಲಿ ಬಿಡು” ಎಂದಳು. “ನಾ ಕೂತಷ್ಟು ದಿವಸ ಅದು ಎಲ್ಲೀಗೂ ಹೋಗಿದ್ದಿಲ್ಲ.”